ಗೋಲಿಲ್ಲದವನ ಸನ್ಮಾನ

ದುಬೈಯಲ್ಲಿ ಕನ್ನಡಿಗರ ಕೈಗೆ ಸಿಕ್ಕಿಯೂ ಸನ್ಮಾನ ಮಾಡಿಸಿಕೊಳ್ಳದೆ ಪಾರಾದವರು ಕಡಿಮೆ. ಹೋಟೆಲ್ ತೆರೆದವನಿಗೆ ಸನ್ಮಾನ, ಹೋಟೆಲ್ ಮುಚ್ಚಿ ಊರಿಗೆ ಹೊರಟವನಿಗೆ ಸನ್ಮಾನ, ಅವನ ಮಗಳು ಡಾಕ್ಟರಾದರೆ ಅವಳಿಗೊಂದು, ಹೆತ್ತ ತಪ್ಪಿಗೆ ಅವನಿಗೆ ಇನ್ನೊಂದು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಕೊನೆಗೆ ಚೌಕಟ್ಟು ಹಾಕಿಸಿದ ಮಾನಪತ್ರ. ಇಷ್ಟರಲ್ಲಿ ಹಾರ ಮತ್ತು ಹಣ್ಣು ಬಿಟ್ಟು ಉಳಿದದ್ದೆಲ್ಲ ಬರುವುದು ಇಲ್ಲಿನ ನೈಫ್ ಬಜಾರಿನ ಗಲ್ಲಿಯೊಂದರಲ್ಲಿರುವ ಅಲಿಕುಂಞಿಯ ಅಂಗಡಿಯಿಂದ.

ಉಳ್ಳಾಲದ ಅಲಿಕುಂಞಿ ನೈಫ್‌ಗೆ ಬಂದದ್ದು ಮೀಸೆ ಚಿಗುರುವ ಪ್ರಾಯದಲ್ಲಿ. ಈಗ ಗಡ್ಡಕ್ಕೆ ಮದರಂಗಿ ಹಚ್ಚುವ ಪ್ರಾಯ. ಅಂಗಡಿಯ ಮುಂಭಾಗದಲ್ಲಿ ಟ್ರೋಫಿಗಳ ಸಾಲು, ಹಿಂದೆ ಬ್ಯಾನರ್ ಮತ್ತು ಜೆರ್ಸಿ ಮುದ್ರಿಸುವ ಯಂತ್ರ, ಎರಡರ ನಡುವೆ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಅವನು ಮಾನಪತ್ರ ಬರೆಯುತ್ತಾನೆ. ಅದರಲ್ಲಿ ಅವನದು ಎತ್ತಿದ ಕೈ, ಮತ್ತು ಅವನದೇ ಒಂದು ಪದ್ಧತಿ. ಸನ್ಮಾನಿತರನ್ನು ಅವನು ಏನೂ ಕೇಳುವುದಿಲ್ಲ. ಕೇಳಿದರೆ ಗೊಂದಲ. ‘ಸರಳ ಸಜ್ಜನ, ಅಜಾತಶತ್ರು, ಕೊಡುಗೈ ದಾನಿ, ನಗುಮೊಗದ ಸೇವಾಜೀವಿ’ ಎಂಬ ನಾಲ್ಕು ಕಂಬ ನೆಟ್ಟು ನಡುವೆ ಹೆಸರು ತೂಗುಹಾಕಿದರೆ ಚಪ್ಪರ ಎದ್ದ ಹಾಗೆಯೇ. ಒಮ್ಮೆ ಅವಸರದಲ್ಲಿ ಹೋಟೆಲಿನವರ ಮಾನಪತ್ರವನ್ನೇ ಹಲ್ಲಿನ ಡಾಕ್ಟರೊಬ್ಬರಿಗೆ ಕೊಟ್ಟು, ‘ಸಾವಿರಾರು ಜನರ ಹೊಟ್ಟೆ ತುಂಬಿಸಿದ ಮಹನೀಯರು’ ಎಂದು ಓದಿಸಿದ್ದ. ಸಭೆ ಚಪ್ಪಾಳೆ ತಟ್ಟಿತು. ಡಾಕ್ಟರು ಕಣ್ಣೊರೆಸಿಕೊಂಡರು. ಹೊಗಳಿಕೆಯನ್ನು ತಿದ್ದಿಸಲು ಯಾರೂ ವಾಪಸು ತರುವುದಿಲ್ಲ ಎಂಬ ನಂಬಿಕೆ ಅಲಿಕುಂಞಿಗೆ ಅಂದು ಗಟ್ಟಿಯಾಯಿತು.

ಇಂಥವನ ಅಂಗಡಿಗೆ ಒಂದು ಬೆಳಿಗ್ಗೆ ತಿಯಾಗೊ ವೆಲೋಸಾ ಬಂದ. ನಲವತ್ತರ ಹತ್ತಿರದ ಆಳು, ಕಿಟಕಿಯಷ್ಟು ಅಗಲದ ಎದೆ, ಎಂದೋ ಮುರಿದು ಹೇಗೋ ಕೂಡಿಕೊಂಡ ಮೂಗು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾನಂತೆ. ಅಲ್ಲಿ ಜೆರ್ಸಿಗೆ ಹೇಳುವ ರೇಟು ಕೇಳಿ ತಲೆ ತಿರುಗಿ, ಯಾರೋ ನೈಫ್ ಎಂದದ್ದಕ್ಕೆ ಇಲ್ಲಿಯ ತನಕ ಕಾರು ಓಡಿಸಿಕೊಂಡು ಬಂದಿದ್ದ.

"ಮಕ್ಕಳಿಗೆ ಕಲಿಸುವುದು ಸರಿ. ನೀವೂ ಆಡ್ತೀರಾ?" ಎಂದು ಅಲಿಕುಂಞಿ ಸುಲೈಮಾನಿ ಚಹಾಕ್ಕೆ ಸಕ್ಕರೆ ಕದಡುತ್ತ ಕೇಳಿದ. ಅವರಿಬ್ಬರ ಮಾತು ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ.

"ಆಡ್ತಿದ್ದೆ. ಪ್ರೊಫೆಷನಲ್ ಆಗಿದ್ದೆ. ಈಗ ರಿಟೈರ್."

"ಯಾವ ದೇಶ?"

"ಪೋರ್ಚುಗಲ್."

ಅಲಿಕುಂಞಿಯ ಚಮಚ ಲೋಟದಲ್ಲೇ ನಿಂತಿತು. ಪೋರ್ಚುಗಲ್ ಎಂದರೇನು ಎಂದು ಉಳ್ಳಾಲದವರಿಗೆ ಹೇಳಿಕೊಡಬೇಕೆ? ವರ್ಲ್ಡ್ ಕಪ್ ಬಂದರೆ ಅಲ್ಲಿ ತೆಂಗಿನ ಮರಕ್ಕಿಂತ ಎತ್ತರದ ಕಟೌಟು ಏಳುತ್ತದೆ. ಆ ದೇಶದಲ್ಲಿ ಹುಟ್ಟಿದವನು ಗೋಲು ಹೊಡೆಯುತ್ತಾನೆ, ಅದು ಅಲ್ಲಿನ ನೀರಿನ ಗುಣ ಎಂದು ಅಲಿಕುಂಞಿ ಚಿಕ್ಕಂದಿನಿಂದ ನಂಬಿದ್ದ. ತಿಯಾಗೊ ಕಾರು ಹತ್ತುವ ಮೊದಲೇ ಅವನು ಮೋಹನದಾಸರಿಗೆ ಫೋನು ಹಚ್ಚಿದ.

ಮೋಹನದಾಸರು ‘ಕಡಲತಡಿ ಕನ್ನಡ ಬಳಗ’ದ ಅಧ್ಯಕ್ಷರು. ಬಳಗದ ವಾರ್ಷಿಕೋತ್ಸವಕ್ಕೆ ಬರುತ್ತೇನೆಂದಿದ್ದ ಸಿನೆಮಾ ನಟ ಕೈಕೊಟ್ಟಿದ್ದ. ಸನ್ಮಾನಕ್ಕೆ ತಲೆಯಿಲ್ಲದೆ ಪೇಟ ಖಾಲಿ ಬಿದ್ದಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು.

"ಪೋರ್ಚುಗಲಿನ ಫುಟ್‌ಬಾಲ್ ಪ್ಲೇಯರಾ? ಬಿಡ್ಬೇಡಿ ಮಾರಾಯ್ರೆ. ಬ್ಯಾನರ್ ಇವತ್ತೇ ಹೊಡೆಸಿ" ಎಂದರು.

ಅಲಿಕುಂಞಿ ಹೊಡೆಸಿದ. ವೇದಿಕೆಯಷ್ಟು ಅಗಲದ ಬ್ಯಾನರು, ಅದರ ಮೇಲೆ ಬಂಗಾರದ ಅಕ್ಷರದಲ್ಲಿ ‘ಗೋಲುಗಳ ಸರದಾರ, ಕಾಲ್ಚೆಂಡಿನ ಗಂಡುಗಲಿ ತಿಯಾಗೊ ವೆಲೋಸಾ’. ಸ್ಮರಣಿಕೆಯಾಗಿ ಗಾಜಿನ ಚೆಂಡು, ಅದರ ಮೇಲೂ ಅದೇ ಮಾತು. ಮಾನಪತ್ರದಲ್ಲಂತೂ ಎದುರಾಳಿ ತಂಡಗಳು ಅವನ ಹೆಸರು ಕೇಳಿದರೆ ನಿದ್ದೆಗೆಡುತ್ತಿದ್ದವು. ಸನ್ಮಾನಕ್ಕೆ ತಿಯಾಗೊ ಮೊದಲು ಒಪ್ಪಲಿಲ್ಲ. ಆಮೇಲೆ ಫೋನಿನಲ್ಲಿ ದಿನ ಯಾವುದೆಂದು ಕೇಳಿ, "ಆ ವಾರ ನನ್ನ ಅಮ್ಮ ಇಲ್ಲಿರ್ತಾಳೆ. ಬರ್ತೇನೆ" ಎಂದ.

ಜೆರ್ಸಿ ಒಯ್ಯಲು ಅವನು ಮತ್ತೆ ಬಂದಾಗ ಗಾಜಿನ ಚೆಂಡು ಮೇಜಿನ ಮೇಲಿತ್ತು. ತಿಯಾಗೊ ಅದನ್ನು ಕೈಗೆತ್ತಿಕೊಂಡು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದ. ಅಲಿಕುಂಞಿ ಎದೆ ಉಬ್ಬಿಸಿ ಅರ್ಥ ಹೇಳಿದ.

ತಿಯಾಗೊ ನಕ್ಕ. ನಗು ಅರ್ಧಕ್ಕೇ ನಿಂತಿತು.

"ಅಲಿ ಭಾಯ್, ನಾನು ಗೋಲು ಹೊಡೆದವನಲ್ಲ."

"ಹಾಗೆ ಎಲ್ಲ ದೊಡ್ಡವರೂ ಹೇಳ್ತಾರೆ. ಒಂದು ಅಂದಾಜು ಹೇಳಿ, ಎಷ್ಟು ಹೊಡೆದಿರಬಹುದು?"

"ಎರಡು."

"ಒಂದು ಮ್ಯಾಚಿಗಾ?"

"ಒಂದು ಜನ್ಮಕ್ಕೆ. ಎರಡೂ ನಮ್ಮದೇ ಗೋಲಿಗೆ."

ಅಲಿಕುಂಞಿ ಇಂಗು ತಿಂದ ಮಂಗನಂತೆ ಕೂತ. ಹಿಂದಿನ ಕೋಣೆಯಲ್ಲಿ ಸುರುಳಿ ಸುತ್ತಿಟ್ಟ ಬ್ಯಾನರಿನ ಬಂಗಾರದ ಅಂಚು ಅವನಿಗೆ ಕಾಣಿಸುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಸನ್ಮಾನಿತನನ್ನು ಒಂದು ಪ್ರಶ್ನೆ ಕೇಳಿದ.

"ಹಾಗಾದ್ರೆ ನೀವು ಅಲ್ಲಿ ಎಂತ ಮಾಡ್ತಿದ್ದದ್ದು?"

ತಿಯಾಗೊ ಮೇಜಿನ ಮೇಲಿದ್ದ ಸಣ್ಣ ಕಪ್ಪುಗಳನ್ನು ಜೋಡಿಸಿ ತೋರಿಸಿದ. ಇದು ನಮ್ಮ ಗೋಲು. ಇವರಿಬ್ಬರು ಡಿಫೆಂಡರುಗಳು. ಅವರ ಮುಂದೆ ನಾನು. ಎದುರಿನವರು ಚೆಂಡು ಹಿಡಿದು ಇಲ್ಲಿಂದ ದಾಟಬಾರದು. ಚೆಂಡನ್ನು ಕಿತ್ತುಕೊಂಡು ಆಡಲು ಬರುವವನಿಗೆ ಕೊಡುವುದು ನನ್ನ ಕೆಲಸ.

"ದಾಟಿದರೆ?"

"ಬೀಳಿಸ್ತಿದ್ದೆ" ಎಂದು ತಿಯಾಗೊ ತನ್ನ ಮೂಗು ಮುಟ್ಟಿಕೊಂಡ. "ಕೆಲವರು ನನ್ನನ್ನೂ ಬೀಳಿಸಿದ್ದಾರೆ."

ಅಂದು ಅಂಗಡಿಯಲ್ಲಿ ಬೇರೆ ಗಿರಾಕಿಗಳಿಗೆ ಬೆಲೆಯಿರಲಿಲ್ಲ. ತಿಯಾಗೊ ಹೇಳುತ್ತ ಹೋದ, ಅಲಿಕುಂಞಿ ಚಹಾ ಸುರಿಯುತ್ತ ಹೋದ. ಲಿಸ್ಬನ್ನಿನ ಕೆಳಗೆ ಸಮುದ್ರಕ್ಕಂಟಿದ ಮೀನುಗಾರರ ಊರು ಅವನದು. ಅಮ್ಮ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಯಾವ ಮೀನು ಎಂದು ಅಲಿಕುಂಞಿ ವಿಚಾರಿಸಿ, ಮೊಬೈಲಿನಲ್ಲಿ ಚಿತ್ರ ನೋಡಿ, "ಅರೆ, ಇದು ಬೂತಾಯಿ ಅಲ್ವಾ!" ಎಂದು ಖುಷಿಪಟ್ಟ. ಬೂತಾಯಿ ತಿನ್ನುವ ಊರಿನವನು ಪರಕೀಯನಾಗುವುದು ಹೇಗೆ?

ಹುಡುಗನಾಗಿದ್ದಾಗ ತಿಯಾಗೊನನ್ನು ಮುಂದೆ ಆಡಿಸಿದ್ದರಂತೆ. ಓಟ ಸಾಲದು ಎಂದು ಕೋಚ್ ಹಿಂದಕ್ಕೆ ತಳ್ಳಿದ. ಅಲ್ಲಿ ನಿಂತವನು ಕೊನೆಯ ತನಕ ಅಲ್ಲೇ ನಿಂತ. ತನ್ನ ದೇಶದ ಎರಡನೇ ದರ್ಜೆಯ ಕ್ಲಬ್ಬುಗಳಲ್ಲಿ ಹಲವು ವರ್ಷ, ಮೊದಲ ದರ್ಜೆಯಲ್ಲಿ ಒಂದೇ ವರ್ಷ, ಆ ವರ್ಷವೇ ತಂಡ ಕೆಳಕ್ಕೆ ಬಿತ್ತು. ಆಮೇಲೆ ಸೈಪ್ರಸ್. ಆಮೇಲೆ ರೊಮೇನಿಯಾ, ಅಲ್ಲಿ ಹಿಮದಲ್ಲಿ ಚೆಂಡು ಕಾಣಬೇಕೆಂದು ಅದಕ್ಕೆ ಕಿತ್ತಳೆ ಬಣ್ಣ. ಕೊನೆಗೆ ಈ ಕಡೆಯ ಒಂದು ಸಣ್ಣ ಕ್ಲಬ್ಬು, ಇಲ್ಲಿ ಸೆಪ್ಟೆಂಬರಿನ ಸೆಕೆಗೆ ಬೂಟಿನ ಒಳಗೂ ನೀರು. ಒಂದು ದಿನ ಕ್ಲಬ್ಬಿನವರು ಮುಂದಿನ ವರ್ಷಕ್ಕೆ ಬೇಡ ಎಂದರು. ಖಲಾಸ್. ಹಾರವಿಲ್ಲ, ಶಾಲಿಲ್ಲ. ಪೇಟದ ಮಾತೇ ಇಲ್ಲ.

"ಬೀಳ್ಕೊಡುಗೆ ಕೂಡ ಮಾಡ್ಲಿಲ್ವಾ?" ಅಲಿಕುಂಞಿಗೆ ನಿಜಕ್ಕೂ ಸಂಕಟವಾಯಿತು. ನೈಫ್‌ನಲ್ಲಿ ಲಿಫ್ಟ್ ರಿಪೇರಿಯವನು ಊರಿಗೆ ಹೋಗುವಾಗಲೂ ಒಂದು ಶಾಲು ಬೀಳುತ್ತದೆ.

"ಅದಕ್ಕೆ ನನಗೆ ಬೇಸರ ಇಲ್ಲ" ಎಂದ ತಿಯಾಗೊ. "ಅಮ್ಮನ ವಿಷಯ ಬೇರೆ. ಊರಲ್ಲಿ ಆಡುವಾಗ ಅವಳು ಪ್ರತಿ ಮ್ಯಾಚಿಗೂ ಬರ್ತಿದ್ದಳು. ಮೀನು ಮಾರಿ, ಕೈ ತೊಳೆದು, ಸೀದಾ ಸ್ಟೇಡಿಯಮ್ಮಿಗೆ. ಚೆಂಡು ನನ್ನ ಹತ್ತಿರ ಬಂದ್ರೆ ಜನ ಬೈಯ್ಯೋದು. ಹಿಂದಕ್ಕೆ ಪಾಸ್ ಕೊಟ್ರೆ ಹೇಡಿ, ಬೀಳಿಸಿದ್ರೆ ಕಟುಕ. ಎಲ್ಲ ಅವಳ ಕಿವಿಯ ಪಕ್ಕದಲ್ಲಿ. ಜನ ತುಂಬಿದ ಜಾಗದಲ್ಲಿ ಮಗನ ಬಗ್ಗೆ ಒಂದು ಒಳ್ಳೆ ಸದ್ದು ಅವಳು ಕೇಳಿದ್ದೇ ಇಲ್ಲ. ಒಮ್ಮೆ ಕೇಳಲಿ ಅಂತ ಒಪ್ಪಿದೆ." ಅವನು ಗಾಜಿನ ಚೆಂಡನ್ನು ಮೆಲ್ಲ ಕೆಳಗಿಟ್ಟ. "ಆದ್ರೆ ಇದು ಬೇಡ. ಅರ್ಥ ಕೇಳ್ತಾಳೆ. ನಾನು ಅವಳಿಗೆ ಸುಳ್ಳು ಹೇಳುವುದಿಲ್ಲ. ಗೋಲು ಹೊಡೆಯದವನನ್ನು ಗೋಲಿನ ರಾಜ ಅಂದ್ರೆ ಇಲ್ಲಿಯೂ ನನ್ನ ಮಗನನ್ನು ತಮಾಷೆ ಮಾಡ್ತಿದ್ದಾರೆ ಅಂತ ತಿಳ್ಕೊಳ್ತಾಳೆ. ಬೇರೆ ಯಾರನ್ನಾದ್ರೂ ನೋಡಿ."

ಅಲಿಕುಂಞಿ ಅವನ ಕೈ ಹಿಡಿದ. "ಅಮ್ಮನನ್ನು ಕರ್ಕೊಂಡು ಬನ್ನಿ. ಸುಳ್ಳು ಇರುವುದಿಲ್ಲ. ಸದ್ದು ಇರ್ತದೆ. ಅದು ನನ್ನ ಜವಾಬ್ದಾರಿ."

ಹೇಳುವುದೇನೋ ಹೇಳಿದ. ಮನೆಗೆ ಹೋಗಿ ತಲೆಯ ಮೇಲೆ ಕೈಹೊತ್ತು ಕೂತ. ಹೊಸ ಗಾಜಿನ ಚೆಂಡು ಮಾಡಿಸುವುದು ಸುಲಭ, ಅದರ ಮೇಲೆ ಬರೀ ಹೆಸರು ಸಾಕು. ಮಾನಪತ್ರಕ್ಕೆ ಏನು ಮಾಡುವುದು? ‘ತಿಯಾಗೊ ವೆಲೋಸಾ ಅವರು ಯಾರನ್ನೂ ದಾಟಲು ಬಿಡದೆ’ ಎಂದು ಬರೆದ. ಟ್ರಾಫಿಕ್ ಪೊಲೀಸನ ನೆನಪಾಯಿತು. ‘ಹಲವರನ್ನು ಬೀಳಿಸಿ’ ಎಂದು ಬರೆದ. ಅದನ್ನು ತಾನೇ ಗೀಚಿ ಹಾಕಿದ. ಕೈ ತಪ್ಪಿ ‘ಅಜಾತಶತ್ರು’ ಎಂದು ಬಂತು. ಹನ್ನೊಂದು ಮಂದಿ ಶತ್ರುಗಳನ್ನು ಎದುರಿಗೆ ನಿಲ್ಲಿಸಿಕೊಂಡು ಅನ್ನ ತಿಂದವನು ಎಂಥ ಅಜಾತಶತ್ರು!

ಹೆಂಡತಿ ಬೀಫಾತಿಮ ಅಕ್ಕಿರೊಟ್ಟಿ ತಟ್ಟುತ್ತ ಇದನ್ನೆಲ್ಲ ನೋಡುತ್ತಿದ್ದಳು.

"ಇಷ್ಟು ವರ್ಷದಲ್ಲಿ ನೀವು ಹೀಗೆ ಒದ್ದಾಡಿದ್ದು ನೋಡ್ಲಿಲ್ಲ ನಾನು. ಎಂತ ಆಯ್ತು?"

"ಈ ಸಲ ನಿಜ ಬರೀಬೇಕು."

"ಹಾಗೆ ಹೇಳಿ. ಅಭ್ಯಾಸ ಇಲ್ಲದ ಕೆಲಸ, ಅದಕ್ಕೆ ಕಷ್ಟ" ಎಂದು ಅವಳು ರೊಟ್ಟಿ ಮಗುಚಿದಳು. "ಕೂತು ಯೋಚನೆ ಮಾಡಿದ್ರೆ ಬರ್ತದಾ? ಹೋಗಿ ಆ ಮನುಷ್ಯ ಎಂತ ಮಾಡ್ತಾನೆ ನೋಡಿ ಬನ್ನಿ. ಬಿರಿಯಾನಿ ತಿನ್ನದೆ ಬಿರಿಯಾನಿಯ ರುಚಿ ಬರೀಲಿಕ್ಕೆ ಹೊರಟಿದ್ದೀರಿ."

ಮರುದಿನ ಅಲಿಕುಂಞಿ ತಂಗಿಯ ಮಗ ಅನ್ಸಿಫ್‌ನ ಕಾರಿನಲ್ಲಿ ಅಬುಧಾಬಿಗೆ ಹೋದ. ಅನ್ಸಿಫ್ ಇಲ್ಲಿ ಬ್ಯಾರಿ ಹುಡುಗರ ತಂಡವೊಂದರಲ್ಲಿ ಮುಂದೆ ನಿಂತು ಆಡುವವನು, ಗೋಲು ಹೊಡೆದರೆ ಅಂಗಿ ತೆಗೆದು ಓಡುವ ಜಾತಿ. ರೀಮ್ ಐಲ್ಯಾಂಡಿನ ಗೋಪುರಗಳ ನಡುವೆ ಹಸಿರು ಚಾಪೆ ಹಾಸಿದ ಸಣ್ಣ ಮೈದಾನ. ಮಕ್ಕಳೆಲ್ಲ ಒಟ್ಟಾಗಿ ತಿಯಾಗೊನ ಮೇಲೆ ಬೀಳುತ್ತಿದ್ದರು. ಅವನು ಓಡುತ್ತಲೇ ಇರಲಿಲ್ಲ. ಎರಡು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ. ಚೆಂಡು ಎಲ್ಲಿಗೆ ಬರಬೇಕೋ ಅಲ್ಲಿ ಅವನ ಕಾಲು ಮೊದಲೇ ಬಂದು ಕೂತಿರುತ್ತಿತ್ತು.

"ಇದರಲ್ಲಿ ಎಂತ ಉಂಟು ಮಾಮ, ಸುಮ್ಮನೆ ನಿಂತಿದ್ದಾನೆ" ಎಂದ ಅನ್ಸಿಫ್. ಹಾಗೆ ಹೇಳಿ ತಾನೇ ಒಳಗೆ ಇಳಿದ. ಹೊರಗೆ ಬಂದದ್ದು ಬರಿಗಾಲಲ್ಲಿ, ಬೆವರು ಸುರಿಸಿಕೊಂಡು, ಮುಖ ಸಣ್ಣ ಮಾಡಿಕೊಂಡು. ವಾಪಸು ಬರುವಾಗ ಕಾರಿನಲ್ಲಿ, "ಅವ ನನ್ನ ಕಾಲನ್ನು ನೋಡುವುದೇ ಇಲ್ಲ ಮಾಮ. ನಾನು ಎಂತ ಮಾಡ್ಬೇಕೂಂತ ಇದ್ದೇನೋ ಅದು ಅವನಿಗೆ ನನಗಿಂತ ಮೊದ್ಲೇ ಗೊತ್ತಾಗ್ತದೆ" ಎಂದ.

ಅದನ್ನೇ ಅಲಿಕುಂಞಿ ಬರೆದ. ಇದ್ದದ್ದನ್ನು ಇದ್ದ ಹಾಗೆ, ಒಂದೇ ಒಂದು ಪುಟ. ಮೋಹನದಾಸರಿಗೆ ಓದಿ ಹೇಳಿದಾಗ ಅವರು ಹೌಹಾರಿದರು.

"ಗೋಲು ಹೊಡೆದಿಲ್ಲ ಅಂತ ನಾವೇ ಹೇಳುವುದಾ? ಮುಖ್ಯ ಅತಿಥಿಗಳಿಗೆ ನಾನು ಎಂತ ಮುಖ ತೋರಿಸ್ಲಿ? ಬ್ಯಾನರ್ ಹೇಗೂ ಆಗಿದೆ. ಅವರಿಗೆ ಕನ್ನಡ ಓದ್ಲಿಕ್ಕೆ ಬರ್ತದಾ ಮಾರಾಯ್ರೆ? ಹಳೇದನ್ನೇ ಓದಿ."

"ಅವರ ಅಮ್ಮ ಅರ್ಥ ಕೇಳ್ತಾರೆ."

"ಸುಮ್ಮನೆ ಏನಾದ್ರೂ ಹೇಳಿದ್ರಾಯ್ತು. ನಿಮಗೆ ನಾನು ಕಲಿಸ್ಬೇಕಾ?"

ಇದು ಅಲಿಕುಂಞಿಗೆ ಸರಿಯಾಗಿ ತಾಗಿತು. ಮೊನ್ನೆಯ ತನಕ ತಾನೂ ಹೀಗೆಯೇ ಹೇಳುತ್ತಿದ್ದವನಲ್ಲವೇ. ಅವನು ಮಾನಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಓದುವವನು ತಾನು, ಮೈಕು ತನ್ನ ಕೈಯಲ್ಲಿ.

ಶನಿವಾರ ಸಂಜೆ ಊದ್ ಮೇಥಾ ಬಡಾವಣೆಯ ಶಾಲೆಯೊಂದರ ಸಭಾಂಗಣ ತುಂಬಿತ್ತು. ಕಾರ್ಯಕ್ರಮ ಎಂದಿನಂತೆ ತಡವಾಗಿ ಶುರುವಾಗಿ ಎಂದಿನಂತೆ ಮುಗಿಯುವ ಲಕ್ಷಣ ತೋರಿಸಲಿಲ್ಲ. ಮಕ್ಕಳ ನೃತ್ಯ, ಅಧ್ಯಕ್ಷರ ಮಾತು, ಮತ್ತೆ ನೃತ್ಯ, ಪ್ರಾಯೋಜಕರ ಮಾತು. ಮೊದಲ ಸಾಲಿನಲ್ಲಿ ತಿಯಾಗೊ ಬಿಗಿಯಾದ ಸೂಟಿನಲ್ಲಿ ಕೂತಿದ್ದ. ಪಕ್ಕದಲ್ಲಿ ಅವನ ಅಮ್ಮ, ದೋನ ಸೆಲೆಸ್ತ್. ಗಿಡ್ಡ ಮೈ, ದಪ್ಪ ತೋಳು, ಮಡಿಲಲ್ಲಿ ಎರಡೂ ಕೈಯಿಂದ ಹಿಡಿದ ಕಪ್ಪು ಚೀಲ. ಬೀಫಾತಿಮ ಅವರ ಬದಿಯಲ್ಲೇ ಕೂತು, ಭಾಷೆ ಗೀಷೆ ಏನೂ ಇಲ್ಲದೆ, ಖರ್ಜೂರ ತಿನ್ನಿಸುತ್ತಿದ್ದಳು. ದೋನ ಸೆಲೆಸ್ತ್ ಆಗಾಗ ಹಿಂತಿರುಗಿ ಜನರನ್ನು ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ಕೂತದ್ದನ್ನು ಕಂಡರೆ ಅವರ ಹೆಗಲು ಬಿಗಿಯಾಗುವುದು ವೇದಿಕೆಯಲ್ಲಿದ್ದ ಅಲಿಕುಂಞಿಗೂ ಕಾಣುತ್ತಿತ್ತು.

ಸನ್ಮಾನದ ಸರದಿ ಬರುವಾಗ ಹೊರಗೆ ಊಟದ ಕೌಂಟರು ತೆರೆದರು. ಕೋಳಿ ಸುಕ್ಕದ ಪರಿಮಳ ಒಳಗೆ ಬಂತು. ಇನ್ನು ಯಾರ ಸನ್ಮಾನವೂ ನಿಲ್ಲುವುದಿಲ್ಲ; ಹಿಂದಿನ ಸಾಲುಗಳಲ್ಲಿ ಕುರ್ಚಿ ಎಳೆಯುವ ಸದ್ದು ಶುರುವಾಯಿತು. ತಿಯಾಗೊನನ್ನು ಬಂಗಾರದ ಬಣ್ಣದ ಸಿಂಹಾಸನದ ಮೇಲೆ ಕೂರಿಸಿದರು. ಹಿಂದೆ ಆ ಬ್ಯಾನರು. ಅಲಿಕುಂಞಿ ಮೈಕಿನ ಮುಂದೆ ಬಂದು ಕಾಗದ ಬಿಡಿಸಿದ.

"ಈ ಬ್ಯಾನರಿನಲ್ಲಿ ಬರೆದದ್ದು ಸರಿ ಅಲ್ಲ. ಬರೆದವ ನಾನು. ಇವರು ಒಂದು ಗೋಲೂ ಹೊಡೆದವರಲ್ಲ."

ಸಭೆ ಘೊಳ್ಳೆಂದು ನಕ್ಕಿತು. ಮೋಹನದಾಸರು ಕುರ್ಚಿಯಲ್ಲೇ ಕುಸಿದರು. ದೋನ ಸೆಲೆಸ್ತ್ ನಗುವ ಮುಖಗಳನ್ನು ನೋಡಿ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಅಲಿಕುಂಞಿ ಮುಂದೆ ಓದಿದ. ಎಷ್ಟು ಓದಿದರೇನು? ಡಿಫೆಂಡರುಗಳ ಮುಂದೆ ನಿಲ್ಲುವುದು, ಜಾಗ ಕಾಯುವುದು, ಇದನ್ನೆಲ್ಲ ಹಸಿದವರಿಗೆ ಹೇಳಿದರೆ ಗೋರ್ಕಲ್ಲ ಮೇಲೆ ಮಳೆಗರೆದಂತೆ. ಕುರ್ಚಿ ಎಳೆಯುವುದು ನಡೆದೇ ಇತ್ತು. ಸುಳ್ಳಿಗೆ ಬೀಳುತ್ತಿದ್ದ ಚಪ್ಪಾಳೆ ಸತ್ಯಕ್ಕೆ ಬೀಳಲೊಲ್ಲದು. ತಿಯಾಗೊ ನೆಲ ನೋಡುತ್ತಿದ್ದ. ಅಮ್ಮನಿಗೆ ಒಂದು ಒಳ್ಳೆಯ ಸದ್ದು ಕೇಳಿಸುತ್ತೇನೆಂದು ಮಾತು ಕೊಟ್ಟು, ಎಲ್ಲರ ಎದುರಿಗೆ ನಗೆಗೀಡು ಮಾಡಿದ್ದಾಯಿತು.

ಆಗ ಅಲಿಕುಂಞಿಯ ಕಣ್ಣಿಗೆ ಮೇಜಿನ ಮೇಲಿದ್ದ ಚೆಂಡು ಬಿತ್ತು. ತಿಯಾಗೊನ ಸಹಿ ಹಾಕಿಸಲೆಂದು ಮೋಹನದಾಸರು ತರಿಸಿಟ್ಟದ್ದು. ಅಲಿಕುಂಞಿ ಕಾಗದ ಎಸೆದು ಚೆಂಡು ಎತ್ತಿಕೊಂಡ.

"ಓದಿದ್ದು ಸಾಕು. ಇಲ್ಲಿ ಇಷ್ಟು ಮಂದಿ ಗಂಡಸರಿದ್ದೀರಿ. ಈ ಚೆಂಡನ್ನು ಇವರನ್ನು ದಾಟಿಸಿ ಈ ಸಿಂಹಾಸನಕ್ಕೆ ತಾಗಿಸಿ ನೋಡುವ. ತಾಗಿಸಿದವನಿಗೆ ಹಣ್ಣಿನ ಬುಟ್ಟಿ, ಶಾಲು, ಪೇಟ, ಎಲ್ಲ ಅವನಿಗೇ. ಬನ್ನಿ, ಯಲ್ಲಾ."

ಎಳೆಯುತ್ತಿದ್ದ ಕುರ್ಚಿಗಳು ನಿಂತವು. ತಿಯಾಗೊ ಅವನನ್ನು ದುರುಗುಟ್ಟಿ ನೋಡಿದ. ಅಲಿಕುಂಞಿ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ, "ನನಗೆ ಹೇಳ್ಲಿಕ್ಕೆ ಆಗ್ಲಿಲ್ಲ. ನೀವೇ ತೋರಿಸಿ" ಎಂದ. ತಿಯಾಗೊ ಒಂದು ಗಳಿಗೆ ಕೂತಲ್ಲೇ ಕೂತ. ಆಮೇಲೆ ಕೋಟು ಬಿಚ್ಚಿ ಸಿಂಹಾಸನದ ಬೆನ್ನಿಗೆ ಹಾಕಿ, ಅಂಗಿಯ ತೋಳು ಮಡಚಿದ.

ಮೊದಲು ಅನ್ಸಿಫ್ ಹಾರಿ ಬಂದ. ಅವನಿಗೆ ಹಳೆಯ ಲೆಕ್ಕ ತೀರಿಸುವುದಿತ್ತು. ಎಡಕ್ಕೆ ಹೋಗುವ ನಟನೆ ಮಾಡಿ ಬಲಕ್ಕೆ ತಿರುಗಿದ. ಚೆಂಡು ತಿಯಾಗೊನ ಕಾಲಲ್ಲಿತ್ತು. ಸಭೆ ಓ ಎಂದಿತು. ಇನ್ನಿಬ್ಬರು ಹತ್ತಿದರು. ಮೂವರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು, ತಿಯಾಗೊ ಚೆಂಡನ್ನು ಮೃದುವಾಗಿ ಅಲಿಕುಂಞಿಯ ಕಾಲಿಗೆ ತಳ್ಳಿದ. ಆಮೇಲೆ ಕ್ರಮವೇ ಉಳಿಯಲಿಲ್ಲ. ಟೈ ಕಟ್ಟಿದ ಬ್ಯಾಂಕಿನವರು ಬಂದರು, ಪಂಚೆ ಎತ್ತಿ ಕಟ್ಟಿದವರು ಬಂದರು, ರಾಜಕುಮಾರನ ವೇಷದಲ್ಲಿ ಕುಣಿದಿದ್ದ ಹುಡುಗನೊಬ್ಬ ಕಿರೀಟ ಸಮೇತ ಬಂದ. ಊಟಕ್ಕೆ ಹೋಗಿದ್ದವರು ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಮುಗಿಬಿದ್ದರು. ಯಾವನೋ ಜೋರಾಗಿ ಒದ್ದ ಚೆಂಡನ್ನು ತಿಯಾಗೊ ಎದೆಯಲ್ಲಿ ತಡೆದು ಹೂವಿನಂತೆ ಕೆಳಗಿಳಿಸಿದ. ಪ್ರತಿ ಸಲ ಅವನು ಕಾಲು ಚಾಚಿದಾಗ ಸಭಾಂಗಣ ಎದ್ದು ಕೂಗಿತು. ಕೊನೆಗೆ ಮೋಹನದಾಸರಿಗೂ ತಡೆಯಲಾಗಲಿಲ್ಲ. ಬೂಟು ಕಳಚಿ ಓಡಿ ಬಂದು ಕಾಲು ಬೀಸಿದರು, ಚೆಂಡು ಅಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ಅಧ್ಯಕ್ಷರು ಸುತ್ತ ತಿರುಗಿ ಹುಡುಕುವಾಗ ಬಾಲ್ಕನಿಯ ಹುಡುಗರು ಬೆರಳು ಬಾಯಿಗೆ ಇಟ್ಟರು. ಒಂದು ಸಿಳ್ಳೆ, ಅದರ ಹಿಂದೆ ಹತ್ತು, ಆಮೇಲೆ ಇಡೀ ಸಭಾಂಗಣವೇ ಸಿಳ್ಳೆ.

ಅಲಿಕುಂಞಿ ಮೊದಲ ಸಾಲಿನ ಕಡೆ ನೋಡಿದ. ನಗುತ್ತಿರುತ್ತಾರೆ ಎಂದುಕೊಂಡಿದ್ದ. ದೋನ ಸೆಲೆಸ್ತ್ ಎದ್ದು ನಿಂತಿದ್ದರು, ಮುಖ ಕೆಂಪಾಗಿತ್ತು. ಬೀಫಾತಿಮ ಹಿಡಿದ ಕೈಯನ್ನು ಕೊಡವಿ, ಚೀಲವನ್ನು ಹೆಗಲಿಗೆ ಹಾಕಿ, ಮೆಟ್ಟಿಲು ಹತ್ತಿ ನೇರ ವೇದಿಕೆಗೆ ಬಂದರು. ಗಂಡಸರ ಗುಂಪನ್ನು ಮೊಣಕೈಯಲ್ಲಿ ಸರಿಸಿ ಮಗನ ಮಣಿಕಟ್ಟು ಹಿಡಿದು ಎಳೆದರು.

"ಎಂತ ಆಯ್ತು?" ಎಂದು ಅಲಿಕುಂಞಿ ಓಡಿದ.

"ಮನೆಗೆ ನಡಿ ಅಂತಿದ್ದಾಳೆ" ಎಂದ ತಿಯಾಗೊ. ಅವನಿಗೆ ಏದುಸಿರು. "ನಮ್ಮಲ್ಲಿ ಸ್ಟೇಡಿಯಮ್ಮಿನಲ್ಲಿ ಸಿಳ್ಳೆ ಅಂದ್ರೆ ಬೈಗುಳ. ನಿನ್ನ ಆಟ ಸಾಕು, ಹೊರಗೆ ಹೋಗು ಅಂತ ಅರ್ಥ. ಅವಳು ವರ್ಷಗಟ್ಟಲೆ ಕೇಳಿದ್ದು ಇದನ್ನೇ."

ಬಾಲ್ಕನಿ ಇನ್ನೂ ಸಿಳ್ಳೆ ಹಾಕುತ್ತಲೇ ಇತ್ತು. ನಿಲ್ಲಿಸಿ ಎನ್ನಲು ಮೈಕಿನ ಕಡೆ ಒಂದು ಹೆಜ್ಜೆ ಇಟ್ಟ ಅಲಿಕುಂಞಿ ಅಲ್ಲೇ ತಿರುಗಿದ.

"ಅಮ್ಮನಿಗೆ ಹೇಳಿ. ನಮ್ಮವರು ತುಂಬ ಇಷ್ಟ ಆದವನಿಗೆ ಮಾತ್ರ ಸಿಳ್ಳೆ ಹೊಡೆಯುವುದು."

ತಿಯಾಗೊ ಹೇಳಿದ. ಅವರು ತಲೆ ಅಲ್ಲಾಡಿಸಿದರು. ನಂಬಲಿಲ್ಲ. ಇಷ್ಟು ವರ್ಷ ಕಿವಿಗೆ ಬಿದ್ದದ್ದು ಒಂದು ಮಾತಿಗೆ ಹೋಗುತ್ತದೆಯೇ?

"ಹಾಗಾದ್ರೆ ಇದನ್ನು ಹೇಳಿ" ಎಂದ ಅಲಿಕುಂಞಿ. "ಇಷ್ಟ ಆಗದವನನ್ನು ನಾವು ಬೈಯ್ಯುವುದೂ ಇಲ್ಲ. ಎದ್ದು ಊಟಕ್ಕೆ ಹೋಗ್ತೇವೆ. ಹೊರಗೆ ಕೋಳಿ ಬಿಸಿ ಬಿಸಿ ಉಂಟು. ಒಬ್ಬನಾದ್ರೂ ಅಲ್ಲಿಗೆ ಹೋಗ್ತಿದ್ದಾನಾ, ಅವರೇ ನೋಡಲಿ."

ತಿಯಾಗೊ ಅದನ್ನು ಹೇಳುವಾಗ ಅವನಿಗೇ ನಗು ಬಂತು. ದೋನ ಸೆಲೆಸ್ತ್ ಮಗನ ಕೈ ಬಿಡದೆಯೇ ಸಭೆಯ ಕಡೆ ತಿರುಗಿದರು. ಬಾಗಿಲಲ್ಲಿ ತಟ್ಟೆ ಹಿಡಿದವರು ತಿನ್ನುವುದನ್ನು ಮರೆತು ನಿಂತಿದ್ದರು. ಮುದುಕಿಯರು ಕುರ್ಚಿ ಹತ್ತಿದ್ದರು. ಮೋಹನದಾಸರು ಒಂದೇ ಕಾಲ್ಚೀಲದಲ್ಲಿ ನಿಂತು ತಾವೂ ಸಿಳ್ಳೆ ಹೊಡೆಯಲು ಯತ್ನಿಸಿ ಬರೀ ಗಾಳಿ ಊದುತ್ತಿದ್ದರು. ದೋನ ಸೆಲೆಸ್ತ್ ಆ ಮುಖಗಳನ್ನು ಒಂದೊಂದಾಗಿ, ಮೀನು ಆರಿಸುವವರಂತೆ ನಿಧಾನಕ್ಕೆ ನೋಡಿದರು. ಎಲ್ಲೂ ಕೆಟ್ಟದ್ದು ಸಿಗಲಿಲ್ಲ.

ಅವರು ಸಿಳ್ಳೆ ಹಾಕುವ ಬಾಲ್ಕನಿಯ ಕಡೆ ಬೆರಳು ತೋರಿಸಿ ಮಗನನ್ನು ಏನೋ ಕೇಳಿದರು. ಅವನು ಹೌದೆಂದು ತಲೆಯಾಡಿಸಿದ. ಅವರು ಅವನ ಮಣಿಕಟ್ಟು ಬಿಟ್ಟು, ಚೀಲವನ್ನು ಅಲಿಕುಂಞಿಯ ಕೈಗೆ ಕೊಟ್ಟು, ಎರಡು ದಪ್ಪ ಬೆರಳುಗಳನ್ನು ಬಾಯಿಗೆ ಇಟ್ಟರು.

ಅಂಥ ಸಿಳ್ಳೆಯನ್ನು ಊದ್ ಮೇಥಾ ಕೇಳಿರಲಿಲ್ಲ. ಕಡಲಲ್ಲಿರುವ ದೋಣಿಯನ್ನು ದಡಕ್ಕೆ ಕರೆಯುವ ಸಿಳ್ಳೆ ಅದು. ಬಾಲ್ಕನಿಯ ಹುಡುಗರು ನಾಚಿ ಸುಮ್ಮನಾದರು. ಇಡೀ ಸಭಾಂಗಣ ಉಸಿರು ಹಿಡಿದು ಆ ಗಿಡ್ಡ ಹೆಂಗಸನ್ನು ನೋಡಿತು. ಅವರು ನೋಡುತ್ತಿದ್ದದ್ದು ಮಗನನ್ನು ಮಾತ್ರ. ತಿಯಾಗೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ, ಅವನ ಅಗಲ ಭುಜ ಅಲುಗತೊಡಗಿತು. ದೋನ ಸೆಲೆಸ್ತ್ ಉಸಿರೆಳೆದುಕೊಂಡು ಇನ್ನೊಮ್ಮೆ ಸಿಳ್ಳೆ ಹೊಡೆದರು.